ಕಲ್ಲಂಗಡಿಗೆ ಹೆಲ್ಮೆಟ್ ತೊಡಿಸಿದ ಅತ್ತೆ

ದೇವರು ಪ್ರತ್ಯಕ್ಷನಾಗಿ "ಏನು ವರ ಬೇಕು, ಕೇಳು" ಎಂದರೆ ನಾವೆಲ್ಲ ಏನು ಮಾಡುತ್ತೇವೆ? ಕಾಲಿಗೆ ಬಿದ್ದು, ಇದ್ದಬದ್ದದ್ದನ್ನೆಲ್ಲ ಒಂದೇ ಉಸಿರಿಗೆ ಕೇಳಿಬಿಡುತ್ತೇವೆ. ನಮ್ಮ ಸೋದರತ್ತೆ ಹಾಗಲ್ಲ. "ಮೊದ್ಲು ಒಂದ್ ಸಣ್ ವರ ಕೊಡು ಸ್ವಾಮಿ. ಆಯ್ತದಾ ಇಲ್ವಾ ನೋಡ್ಬುಟ್ಟು ಆಮೇಲೆ ದೊಡ್ಡದ್ ಕೇಳ್ತೀನಿ" ಎನ್ನುವ ಹೆಂಗಸು ಅವಳು!

ಸೋದರತ್ತೆ ಎಂದರೆ ನಮ್ಮಪ್ಪನ ಅಕ್ಕ. ಕಟ್ಟೆಮಳಲವಾಡಿಯಲ್ಲಿ ಅವಳೂ ಮಾವನೂ ಹೊಗೆಸೊಪ್ಪು, ರಾಗಿ ಬೆಳೆದುಕೊಂಡಿದ್ದಾರೆ. ಮಾವನದು ಮಾತು ಕಮ್ಮಿ. ಅವರ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಾಳೆ. ಪರೀಕ್ಷೆ ಮಾಡದೆ ಅವಳು ಯಾವುದನ್ನೂ ಒಪ್ಪುವವಳಲ್ಲ. ಮೊಟ್ಟೆ ಕೊಂಡರೆ ನೀರಿಗೆ ಹಾಕಿ ಮುಳುಗುತ್ತದಾ ನೋಡಬೇಕು. ಗ್ಯಾಸ್ ಸಿಲಿಂಡರ್ ತಂದವನು, ಅವಳು ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದಾ ಎಂದು ಕಣ್ಣಿಟ್ಟು ಕೂತಿರುವಷ್ಟು ಹೊತ್ತೂ ಜಗಲಿಯ ಮೇಲೆ ಕಾಯಬೇಕು. ಅವನು ಪಾಪ, ಅಲ್ಲೇ ಕಾಫಿ ಕುಡಿದು, ತಿಂಡಿ ತಿಂದು, ಈಗ ಹೆಚ್ಚುಕಡಿಮೆ ನಮ್ಮ ನೆಂಟನೇ ಆಗಿಬಿಟ್ಟಿದ್ದಾನೆ!

ಹುಣಸೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಒಮ್ಮೆ ಅತ್ತೆಗೆ ಜ್ವರ ನೋಡುವ ಗಾಜಿನ ಕಡ್ಡಿಯೊಂದನ್ನು ಕೊಟ್ಟಿದ್ದೆ. ಜ್ವರ ಬರುವವರೆಗೆ ಕಾಯುವ ತಾಳ್ಮೆ ಅವಳಿಗೆಲ್ಲಿಂದ ಬರಬೇಕು? ಒಲೆಯಿಂದಿಳಿದ ಸುಡುಸುಡು ಮುದ್ದೆಗೆ ಚುಚ್ಚಿದಳು. ಕಡ್ಡಿ 'ಟಪ್' ಎಂದಿತು! ಪಾದರಸ ಸೇರಿದ ಆ ಮುದ್ದೆಯನ್ನು ನಾಯಿ, ಕೋಳಿ ಮುಟ್ಟದ ಹಾಗೆ ಗುಂಡಿ ತೋಡಿ ಮುಚ್ಚಬೇಕಾಯಿತು. ಹಸಿದು ಕೂತಿದ್ದ ಮಾವ ಬರೀ ಸೊಪ್ಪಿನ ಸಾರು ಕುಡಿದು ಎದ್ದರು. ಅತ್ತೆಗೆ ಮಾತ್ರ ಕಡ್ಡಿಯ ಮೇಲೆ ಅಪಾರ ಗೌರವ. "ಸುಳ್ಳೇಳ್ಲಿಲ್ಲ ಕಣ್ಲಾ ಅದು! ಬಿಸಿ ಅದೆ ಅಂತ ಪ್ರಾಣ ಕೊಟ್ಟು ಹೇಳ್ತು!"

ಮಾತ್ರೆ ಕೊಟ್ಟರೂ ಅಷ್ಟೇ.

"ಇದ್ನ ನನ್ಗಿಂತ ಮುಂಚೆ ಯಾರ್ ತಿಂದ್ ನೋಡವ್ರೆ?"

"ಅತ್ತೆ, ಮೊದಲು ಪ್ರಯೋಗಶಾಲೆಯಲ್ಲಿ ನೋಡ್ತಾರೆ, ಆಮೇಲೆ ಇಲಿಗಳಿಗೆ ಕೊಡ್ತಾರೆ. ಅದೆಲ್ಲ ಸರಿ ಹೋದ್ರೆ, ತಾವಾಗೇ ಒಪ್ಪಿ ಮುಂದೆ ಬಂದ ಜನಕ್ಕೆ ಕೊಟ್ಟು ವರ್ಷಗಟ್ಟಲೆ ನೋಡ್ತಾರೆ. ಆಮೇಲಷ್ಟೇ ನಮ್ಮ ಅಂಗಡಿಗೆ ಬರೋದು."

"ಆ ಜನ ಎಲ್ಲಾ ಬದುಕವ್ರಾ?"

"ಚೆನ್ನಾಗೇ ಇದ್ದಾರೆ ಅತ್ತೆ!"

"ಇಲಿಗಳು?"

ನಾನು ಕೆಮ್ಮಿದೆ. ಅವಳು ಒಂದು ಗಳಿಗೆ ಇಲಿಗಳಿಗಾಗಿ ಕಣ್ಣು ಮುಚ್ಚಿ, ಮಾತ್ರೆ ನುಂಗಿದಳು.

ಊರಿನ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆದಾಗ ಆದದ್ದಂತೂ ಈಗಲೂ ಜನರ ಬಾಯಲ್ಲಿದೆ. ಬಿಪಿ ನೋಡಲು ಡಾಕ್ಟರು ಪಟ್ಟಿ ಹಿಡಿದು ಕರೆದರು. ಅತ್ತೆ ಕೈ ಹಿಂದಕ್ಕೆಳೆದುಕೊಂಡಳು. "ಮಿಸಿನ್ನು ಸರ್ಯಾಗದ್ಯಾ? ಮೊದ್ಲು ನಿಮ್ಗೆ ಕಟ್ಕಂಡ್ ನೋಡಿ ಸಾ." ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನಗುನಗುತ್ತಲೇ ತಮ್ಮ ತೋಳಿಗೆ ಕಟ್ಟಿಕೊಂಡರು. ನೋಡಿದರೆ ಬಿಪಿ ಏರಿ ಕೂತಿದೆ! ಇನ್ನೊಂದು ಯಂತ್ರ ತರಿಸಿದರು. ಅದೂ ಅದೇ ಮಾತು ಹೇಳಿತು. ನಗು ನಿಂತಿತು. ಅತ್ತೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, "ಉಪ್ಪಿನಕಾಯಿ ಒಸಿ ಕಮ್ಮಿ ಮಾಡಪ್ಪ" ಎಂದು ಬುದ್ಧಿ ಹೇಳಿದಳು. ಆ ಡಾಕ್ಟರು ಈಗ ಮಾತ್ರೆಗೆ ನನ್ನ ಅಂಗಡಿಗೇ ಬರುತ್ತಾರೆ. "ನಿಮ್ಮತ್ತೆ ಅವತ್ತು ಹಟ ಮಾಡದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಎಂದು ಪ್ರತಿ ಸಲವೂ ಹೇಳುತ್ತಾರೆ.

ಇಂಥವಳ ಕೈಗೆ ಹೆಲ್ಮೆಟ್ ಕೊಟ್ಟರೆ ಏನಾಗಬೇಡ?

ಮಾವನ ಬಳಿ ಒಂದು ಹಳೇ ಮೊಪೆಡ್ ಇತ್ತು, ಅದಕ್ಕೊಪ್ಪುವಂತೆ ಪೊಲೀಸರಿಗೆ ತೋರಿಸಲೆಂದೇ ರಸ್ತೆ ಬದಿಯಲ್ಲಿ ಕೊಂಡಿದ್ದ ಒಂದು ಟೋಪಿಯೂ ಇತ್ತು. ಅದನ್ನು ಹೆಲ್ಮೆಟ್ ಎಂದು ಕರೆದರೆ ನಿಜವಾದ ಹೆಲ್ಮೆಟ್ಟುಗಳು ಬೇಜಾರು ಮಾಡಿಕೊಳ್ಳುತ್ತವೆ! ನಾನು ಐಎಸ್‌ಐ ಗುರುತಿನ ಹೊಸದೊಂದನ್ನು ಒಯ್ದು ಕೊಟ್ಟೆ. ಅತ್ತೆ ಅದನ್ನು ತಿರುಗಿಸಿ, ಮುರುಗಿಸಿ, ಬೆರಳಲ್ಲಿ ತಟ್ಟಿ ನೋಡಿದಳು.

"ಗುರ್ತ್ ಅದೆ, ಸರಿ. ಗಟ್ಟಿ ಅದ್ಯಾ?"

ಮಾರನೇ ದಿನ ಬೆಳಿಗ್ಗೆ ಅವರ ಮನೆಯ ಮುಂದೆ ಅರ್ಧ ಊರು ಸೇರಿತ್ತು. ಎರಡು ಕಲ್ಲಂಗಡಿ ಹಣ್ಣು. ಒಂದಕ್ಕೆ ಹಳೇ ಟೋಪಿ, ಇನ್ನೊಂದಕ್ಕೆ ಹೊಸ ಹೆಲ್ಮೆಟ್, ಎರಡಕ್ಕೂ ಹಳೇ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟು. ಮಾವ ಅವೆರಡನ್ನೂ ಹೊತ್ತು ತಾರಸಿ ಏರಿದ್ದರು. ಕೆಳಗೆ ಕಲ್ಲುಚಪ್ಪಡಿಯ ಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಅತ್ತೆ ನಿಂತಿದ್ದಳು.

"ನೆತ್ತಿ ಕೆಳಕ್ ಮಾಡಿ ಬುಡಿ! ಎರಡ್ನೂ ಒಂದೇ ಸಮ ಎತ್ತರದಿಂದ ಬುಡ್ಬೇಕು, ಮೋಸ ಆಗ್ಬಾರ್ದು!"

ಹಳೇ ಟೋಪಿ ಮೊದಲು ಬಿತ್ತು. ಸೀಳಿ ಎತ್ತೆತ್ತಲೋ ಹಾರಿತು, ಹಣ್ಣು ಒಡೆದು ಕೆಂಪು ತಿರುಳು ಚಪ್ಪಡಿಯ ತುಂಬ ಚೆಲ್ಲಿತು. ಅದು ಕಲ್ಲಂಗಡಿಯೇ ಎಂದು ಎಲ್ಲರಿಗೂ ಗೊತ್ತು. ಆದರೂ ನಗುತ್ತಿದ್ದವರಲ್ಲಿ ಒಬ್ಬಿಬ್ಬರು ತಮಗೇ ತಿಳಿಯದಂತೆ ತಲೆ ಮುಟ್ಟಿ ನೋಡಿಕೊಂಡರು. ಆಮೇಲೆ ಹೊಸದು ಧಡ್ ಎಂದು ಬಿತ್ತು. ಅತ್ತೆ ಓಡಿ ಹೋಗಿ ಕಟ್ಟು ಬಿಚ್ಚಿದಳು. ಹಣ್ಣು ಇಡಿಯಾಗಿ ಹೊರಬಂತು!

ಶಿಳ್ಳೆ, ಚಪ್ಪಾಳೆ! ಅತ್ತೆ ಹಣ್ಣನ್ನು ತಲೆಯ ಮೇಲೆತ್ತಿ ತೋರಿಸಿದಳು. ಆ ಸಂಭ್ರಮದಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು.

"ಅತ್ತೆ, ಒಂದ್ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕ್ಕೊಳ್ಳೋ ಹಾಗಿಲ್ಲ. ಒಳಗಿರೋ ಥರ್ಮೋಕೋಲು ತಾನು ಜಜ್ಜಿ ಹೋಗಿ ತಲೆ ಉಳಿಸ್ತದೆ. ಇದರ ಕೆಲಸ ಮುಗೀತು."

ಅತ್ತೆಯ ಮುಖ ಇಳಿಯಿತು. "ಅಂಗಾರೆ ಇನ್ನೊಂದ್ ತರ್ಬೇಕಾ?"

"ಹೂಂ."

"ಅದ್ನ ಪರೀಕ್ಸೆ ಮಾಡ್ದೆ ಎಂಗ್ಲಾ ತಲೆಗ್ ಆಕ್ಕಳದು?"

"ಮಾಡಿದ್ರೆ ಹೇಗೆ ಹಾಕ್ಕೊಳ್ಳೋದು?"

ಮಾವ ತಾರಸಿಯಿಂದ ಇಣುಕಿ, "ನಾನ್ ಇಳೀಬೌದಾ?" ಎಂದರು.

ಕೊನೆಗೆ ನಾನೇ ಬಿಡಿಸಿ ಹೇಳಿದೆ. ಒಂದೇ ಸಲಕ್ಕೆ ತಯಾರಾದ ಹೆಲ್ಮೆಟ್ಟುಗಳಲ್ಲಿ ಕೆಲವನ್ನು ಆರಿಸಿಕೊಂಡು ಪ್ರಯೋಗಶಾಲೆಯಲ್ಲಿ ಬೀಳಿಸುತ್ತಾರೆ, ಒಳಗೆ ತಲೆಯಾಕಾರದ ಅಚ್ಚು ಇಟ್ಟು ಎಷ್ಟು ಪೆಟ್ಟು ತಾಗಿತು ಎಂದು ಅಳೆಯುತ್ತಾರೆ, ಪಟ್ಟಿಯನ್ನು ಜಗ್ಗಿ ನೋಡುತ್ತಾರೆ. ಅವು ಗೆದ್ದರೆ ಮಾತ್ರ ಉಳಿದವಕ್ಕೆ ಗುರುತು. ಕಾರುಗಳನ್ನೂ ಹೀಗೇ, ಒಳಗೆ ಗೊಂಬೆ ಕೂರಿಸಿ ಗೋಡೆಗೆ ಗುದ್ದಿಸುತ್ತಾರೆ ಎಂದೆ. ಅತ್ತೆಯ ಕಣ್ಣು ಅರಳಿತು.

"ಅಂದ್ರೆ ನಮ್ ತಲೆ ಒಡೀಬಾರ್ದು ಅಂತ ಅದ್ಯಾರೋ ಎಲ್ಲೋ ಕುಂತು ದಿನಾ ಇವ್ನ ಒಡೀತಾ ಅವ್ರೆ! ಅವ್ರು ನಮ್ ಮೊಕಾನೂ ನೋಡಿಲ್ಲ ಕಣ್ಲಾ! ಎಂಥಾ ಪುಣ್ಯದ ಕೆಲ್ಸ ಬುಡು!"

ತನ್ನಂಥವರೇ ತುಂಬಿರುವ ಒಂದು ಲೋಕ ಎಲ್ಲೋ ಇದೆ ಎಂದು ತಿಳಿದ ಅವಳ ಖುಷಿ ಹೇಳತೀರದು! ಆವತ್ತೇ ಹೆಲ್ಮೆಟ್ ತರಿಸಿದಳು, ಒಂದಲ್ಲ, ಮಾವನಿಗೊಂದು, ತನಗೊಂದು. ತುರುಬು ಅಡ್ಡ ಬಂತೆಂದು ಜಡೆ ಹಾಕಿಕೊಂಡಳು. ಮೊಪೆಡ್ಡಿನ ಹಿಂದೆ ಕೂತು ಹೊರಟವಳನ್ನು ನೋಡಿ ಟೀ ಅಂಗಡಿಯವನು ಕೂಗಿದ: "ಏನಕ್ಕ, ಚಂದ್ರಲೋಕುಕ್ ಹೊಂಟ್ಯಾ?"

"ಇಲ್ಲ ಕಣ್ಲಾ, ಹ್ಯಾಂಡ್‌ಪೋಸ್ಟ್‌ಗೆ. ಚಂದ್ರಲೋಕ್ದಲ್ಲಿ ಎದುರ್ಗೆ ಟಿಪ್ಪರ್ ಬರಕಿಲ್ಲ, ಎಲ್ಮೆಟ್ ಬ್ಯಾಡ!"

ಹ್ಯಾಂಡ್‌ಪೋಸ್ಟಿನಲ್ಲಿ ಮಾವನ ತಂಗಿಯ ಮನೆ. ಆಮೇಲೂ ಹಾಗೆ ಎಷ್ಟೋ ಸಲ ಹೋಗಿಬಂದರು. ಒಂದು ಮಧ್ಯಾಹ್ನ, ಊರು ಇನ್ನೇನು ಸಿಕ್ಕಿತು ಎನ್ನುವಾಗ, ನಾಯಿಯೊಂದು ಅಡ್ಡ ನುಗ್ಗಿತು. ಮೊಪೆಡ್ ಜಾರಿತು. ಅತ್ತೆ ಬೇಲಿಯ ಲಂಟಾನ ಪೊದೆಯೊಳಗೆ ಬಿದ್ದಳು, ಮೈಯೆಲ್ಲ ತರಚಿತು, ಅಷ್ಟೇ. ಮಾವನ ತಲೆ ಮೈಲಿಗಲ್ಲಿಗೆ ಬಡಿಯಿತು.

ಸುದ್ದಿ ಬಂದದ್ದೇ ನಾನು ಅಂಗಡಿ ಬಾಗಿಲೆಳೆದು ಆಸ್ಪತ್ರೆಗೆ ಓಡಿದೆ. ಅತ್ತೆ ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಸೀಳಿಹೋದ ಹೆಲ್ಮೆಟ್. ಮಾವನನ್ನು ಸ್ಕ್ಯಾನಿಗೆ ಒಯ್ದರು. ಆ ಯಂತ್ರ ಸರಿಯಿದೆಯಾ ಎಂದು ಅವಳು ಯಾರನ್ನೂ ಕೇಳಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗಲೇ.

"ತಲೆಯೊಳಗೆ ರಕ್ತ ಸೋರಿಲ್ಲ" ಎಂದರು ಡಾಕ್ಟರಮ್ಮ, ಬಂದು. "ಹೆಲ್ಮೆಟ್ ಹಾಕಿರದಿದ್ರೆ ನಾನು ಬೇರೆ ಮಾತು ಹೇಳಬೇಕಾಗ್ತಿತ್ತು. ಆದ್ರೆ ಸ್ವಲ್ಪ ಮಂಕಾಗಿದ್ದಾರೆ, ನೋಡೋಣ ಬನ್ನಿ."

ಮಾವ ಮೇಲಿನ ಫ್ಯಾನನ್ನೇ ನೋಡುತ್ತ ಮಲಗಿದ್ದರು. ಡಾಕ್ಟರಮ್ಮ ಹೆಸರು ಕೇಳಿದರು, ಮಾವ ಹೇಳಿದರು. ಊರು ಕೇಳಿದರು, ತಡವರಿಸಿ ಹೇಳಿದರು. ಆಮೇಲೆ ಡಾಕ್ಟರಮ್ಮ ಅತ್ತೆಯ ಕಡೆ ಕೈ ತೋರಿಸಿ, "ಇವರು ಯಾರು, ಹೇಳಿ ನೋಡೋಣ?" ಎಂದರು.

ಮಾವ ನೋಡಿದರು. ನೋಡುತ್ತಲೇ ಇದ್ದರು. ಅತ್ತೆಯ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು.

"ಬ್ಯಾಡ ಬುಡಿ ಡಾಕ್ಟ್ರಮ್ಮಾ," ಎಂದಳು, ಕೇಳಿಸಿಯೂ ಕೇಳಿಸದ ದನಿಯಲ್ಲಿ. "ಕೇಳ್ಬ್ಯಾಡಿ."

ಆಗ ಮಾವನ ತುಟಿ ಅಲ್ಲಾಡಿತು. 'ನನ್ನ ಹೆಂಡ್ತಿ' ಎನ್ನಲಿಲ್ಲ, ಅವಳ ಹೆಸರು ಹೇಳಿದರು.

ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲದವರು ಅವರು. ಮದುವೆಯಾದಾಗಿನಿಂದ "ಕೇಳುಸ್ತಾ", "ಬಾ ಇಲ್ಲಿ" ಎಂದೇ ಕರೆದವರು. ಆ ಹೆಸರು ಅವರ ಬಾಯಲ್ಲಿ ಎಷ್ಟು ಮೆತ್ತಗೆ, ಎಷ್ಟು ಜೋಪಾನವಾಗಿ ಬಂತೆಂದರೆ, ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

"ಸರಿಯಾಗಿ ಹೇಳಿದ್ರಾ ಅಮ್ಮ?" ಎಂದು ಡಾಕ್ಟರಮ್ಮ ತಿರುಗಿದರು.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು.

"ನಂಗ್ ಸರ್ಯಾಗ್ ಕೇಳುಸ್ನಿಲ್ಲ ಡಾಕ್ಟ್ರಮ್ಮಾ," ಎಂದಳು ಸೆರಗಿನೊಳಗಿನಿಂದಲೇ. "ಇನ್ನೊಂದ್ಸಲ ಕೇಳಿ."