ಕುದುರೆಯ ಮಂಡಿ ಎಲ್ಲಿದೆ?

ಕುದುರೆ ಹಿಂದಿನ ಎಡಗಾಲನ್ನು ಸಡಿಲಬಿಟ್ಟು, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತದ್ದನ್ನು ಕಂಡು ಗಡಿಯಾರ ರಿಪೇರಿಯವನ ಎದೆ ಧಸಕ್ಕೆಂದಿತು.

ಕುದುರೆ ಅವನದಲ್ಲ. ಅವನಿಗೆ ಮಾವನಾಗಬೇಕಾಗಿದ್ದ, ಸವಾರಿ ಶಾಲೆ ನಡೆಸುವ ಯಜಮಾನರದು. ಲಾಯದ ಚಾವಣಿ ರಿಪೇರಿಯಿದೆಯೆಂದು ಬೆಳಿಗ್ಗೆ ಅವನ ಹಿತ್ತಲಲ್ಲಿ ಕಟ್ಟಿ, "ಸಂಜೆ ಮಗಳ ಜೊತೆ ಬರ್ತೀನಿ. ಅವಳು ಇವತ್ತೇ ಹೂಂ ಅಥವಾ ಊಹೂಂ ಹೇಳ್ತಾಳಂತೆ" ಎಂದು ಹೋಗಿದ್ದರು. ಹುಡುಗಿಯನ್ನು ಅವನು ನೋಡಿದ್ದು ಒಂದೇ ಸಲ. ಅಂದಿನಿಂದ ಅವನು ಮುಟ್ಟಿದ ಗಡಿಯಾರಗಳೆಲ್ಲ ತಪ್ಪು ಸಮಯ ತೋರಿಸುತ್ತಿದ್ದವು. ಈಗ ಕುದುರೆ ಕುಂಟಾದರೆ ಅವಳು ಹೂಂ ಅನ್ನುವುದುಂಟೇ?

ಮಹಡಿ ಮನೆಯ ಡ್ರಿಲ್ ಮೇಷ್ಟ್ರು ಇಣುಕಿ ನೋಡಿ ಇಳಿದೇ ಬಂದರು.

"ಮಂಡಿ ನೋಡಯ್ಯಾ, ಹಿಂದಕ್ಕೆ ತಿರುಗಿಬಿಟ್ಟಿದೆ. ಮುರಿದಿದೆ."

"ಆ ಕಾಲಿನದೂ ಹಾಗೇ ಇದೆಯಲ್ಲ ಸಾರ್."

"ಹಂಗಾದ್ರೆ ಎರಡೂ ಮುರಿದಿವೆ."

ಎದುರುಮನೆ ಅಜ್ಜಿ ತನ್ನ ಮಂಡಿನೋವಿನ ಎಣ್ಣೆ ಮತ್ತು ಹಳೇ ಸೀರೆ ಹಿಡಿದು ಹಾಜರಾದಳು. ಮೇಷ್ಟ್ರ ಆಜ್ಞೆಯಂತೆ ಎಡಗಾಲಿಗೆ ಎಣ್ಣೆ ತಿಕ್ಕಿ ಪಟ್ಟಿ ಸುತ್ತಿದ್ದಾಯಿತು. ಕುದುರೆ ನಿಟ್ಟುಸಿರು ಬಿಟ್ಟು ಎಡಗಾಲು ಊರಿ ಬಲಗಾಲನ್ನು ಸಡಿಲಬಿಟ್ಟಿತು.

"ನೋವು ಆ ಕಡೆ ಹೋಯ್ತು ನೋಡು. ನಂಗೂ ಹೀಗೇ ಓಡಾಡುತ್ತಪ್ಪ" ಎಂದಳು ಅಜ್ಜಿ.

ಪಟ್ಟಿ ಬಿಚ್ಚಿ ಬಲಗಾಲಿಗೆ ಸುತ್ತಿದರು. ನೋವು ಮತ್ತೆ ಎಡಕ್ಕೆ ಬಂತು. ಮೇಷ್ಟ್ರು ಬಗ್ಗಿ ಪರೀಕ್ಷಿಸುತ್ತಿರುವಾಗ ಕುದುರೆ ಬಾಲದಿಂದ ಅವರ ಕೆನ್ನೆಗೊಂದು ಬಿಗಿಯಿತು. ಕೊನೆಗೆ ರಿಪೇರಿಯವನು ಓಡಿಹೋಗಿ ಪಶುವೈದ್ಯೆಯನ್ನು ಕರೆತಂದ.

ವೈದ್ಯೆ ಪಟ್ಟಿ ನೋಡಿ ನಕ್ಕಳು. "ಇದು ಮಂಡಿ ಅಂತ ಯಾರು ಹೇಳಿದ್ದು? ಇದು ಹಿಮ್ಮಡಿ. ಕುದುರೆ ಹಿಮ್ಮಡಿ ಎತ್ತಿ ಒಂದೇ ಬೆರಳಿನ ತುದೀಲಿ ನಿಂತಿರುತ್ತೆ."

"ಹಾಗಾದ್ರೆ ಮಂಡಿ ಎಲ್ಲಿ?"

"ಇಲ್ಲಿ, ಹೊಟ್ಟೆ ಪಕ್ಕ. ಕಾಲನ್ನ ಎಳೆಯೋ ಮಾಂಸಖಂಡ ಎಲ್ಲ ಮೇಲಿದೆ. ಹಿಮ್ಮಡಿಯಿಂದ ಕೆಳಗೆ ಬರೀ ಸ್ನಾಯುರಜ್ಜು, ಹಗ್ಗ ಇದ್ದ ಹಾಗೆ. ಮುಟ್ಟಿ ನೋಡಿ."

ರಿಪೇರಿಯವನು ಹೆದರುತ್ತಲೇ ಮುಟ್ಟಿದ. ಚರ್ಮದಡಿ ಬಿಗಿದ ಹುರಿ ಬೆರಳಿಗೆ ಸಿಕ್ಕಿತು.

"ನಿಂತೇ ನಿದ್ದೆ ಮಾಡೋಕೆ ಮಂಡಿಚಿಪ್ಪನ್ನ ಮೂಳೆಯ ಉಬ್ಬಿಗೆ ಸಿಕ್ಕಿಸಿ ಬೀಗ ಹಾಕ್ಕೊಳ್ಳುತ್ತೆ. ಒಂದು ಕಾಲಿಗೆ ಬೀಗ, ಇನ್ನೊಂದಕ್ಕೆ ರಜ. ಆಮೇಲೆ ಅದಲುಬದಲು. ಪಾಪ, ತೂಕಡಿಸ್ತಾ ಇತ್ತು, ನೀವೆಲ್ಲ ಸೇರಿ ಎಬ್ಬಿಸಿದ್ರಿ."

ಅಜ್ಜಿ, ಮೇಷ್ಟ್ರು ಮೆಲ್ಲಗೆ ಜಾಗ ಖಾಲಿ ಮಾಡಿದರು. ರಿಪೇರಿಯವನಿಗೆ ಮಾತ್ರ ಮೈಯೆಲ್ಲ ಕಿವಿ. ಇಷ್ಟು ವರ್ಷ ಸ್ಪ್ರಿಂಗು, ಹಲ್ಲುಚಕ್ರಗಳಲ್ಲೇ ಮುಳುಗಿದ್ದವನಿಗೆ ಇಂಥ ಯಂತ್ರ ಹುಲ್ಲು ತಿಂದುಕೊಂಡು ಓಡಾಡುತ್ತಿದೆಯೆಂದು ಗೊತ್ತೇ ಇರಲಿಲ್ಲ. ಬೀಗ ತೆಗೆಯುವುದು ಹೇಗೆ, ಹುರಿ ಸಡಿಲವಾದರೆ ಏನು ಗತಿ ಎಂದು ಕೇಳಿ ಕೇಳಿ ವೈದ್ಯೆಯ ತಲೆ ತಿಂದ. ಅವಳು ಹೋದ ಮೇಲೂ ಊಟ ಮರೆತು ಕುದುರೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

ಸಂಜೆ ಯಜಮಾನರು ಮಗಳೊಂದಿಗೆ ಬಂದಾಗ ಅವನು ಕೂರಿ ಎನ್ನುವುದನ್ನೂ ಮರೆತ. "ಇದು ಮಂಡಿ ಅಲ್ಲ, ನೋಡಿ" ಎಂದು ಶುರುಮಾಡಿ ಹುರಿ, ಚಿಪ್ಪು, ಬೀಗ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಯಜಮಾನರ ಮುಖ ಊರಗಲವಾಯಿತು. ಹುಡುಗಿ ಅಪ್ಪನ ಕಿವಿಯಲ್ಲಿ ಏನೋ ಹೇಳಿ, ಕುದುರೆಯ ಹಗ್ಗ ಬಿಚ್ಚಿಕೊಂಡು ಹೊರಟೇಬಿಟ್ಟಳು.

"ಏನಂದ್ರು?" ಎಂದು ಅವನು ಯಜಮಾನರನ್ನು ಕೇಳಿದ.

"ಊಹೂಂ ಅಂದ್ಲು. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಬರೀ ಕುದುರೆ ಕಾಲಿನ ಮಾತೇ ಕೇಳಿ ಅವಳಿಗೆ ಸಾಕಾಗಿದೆ. ಕುದುರೆಯ ಗಂಧಗಾಳಿ ಇಲ್ಲದ ಗಂಡೇ ಬೇಕು ಅಂತ ನಿಮ್ಮನ್ನ ಆರಿಸಿದ್ದೇ ಅವಳು."

ಅವನಿಗೆ ಅಳು ಬರುವಂತಾಯಿತು. ಯಜಮಾನರು ಅವನ ಹೆಗಲ ಮೇಲೆ ಕೈಹಾಕಿ ಜಗಲಿಯ ಮೇಲೆ ಕೂರಿಸಿಕೊಂಡರು.

"ಅವಳು ಹೋಗ್ಲಿ ಬಿಡಿ, ನಾನು ದಿನಾ ಬರ್ತೀನಿ. ಈಗ ಕೇಳಿ, ಮುಂಗಾಲಿನ ವಿಷಯವೇ ಬೇರೆ..."