ಮೂರನೇ ಬಟ್ಟಲು ಕಾಫಿ ಕೊಡದೇ ಇರುವ ಬಗ್ಗೆ

ನಗರಸಭೆ, ಗೋರ್ನ್ಯಾ ಚೆಶ್ಮಾ
ಹಿರಿಯರ ಹಾಗೂ ಅಂಗವಿಕಲರ ಮನೆಭೇಟಿ ವಿಭಾಗ

ಸಂಖ್ಯೆ: ಮಭೇವಿ/ಕಾಫಿ-3/ಬಾಕಿ/12
ದಿನಾಂಕ: 14 ಅಕ್ಟೋಬರ್, ಮಂಗಳವಾರ

ಸುತ್ತೋಲೆ

ವಿಷಯ: ಫಲಾನುಭವಿ ಶ್ರೀಮತಿ ಶೆಮ್ಸಾ ಅವರ ಮನೆಗೆ ಸ್ವಯಂಸೇವಕರು ನೀಡಿದ ಹನ್ನೆರಡನೇ ಭೇಟಿಯು ಹದಿನೆಂಟು ವಾರಗಳಿಂದ ಮುಗಿಯದೇ ಇರುವ ಕುರಿತು.

ಉಲ್ಲೇಖ: 1. ಇದೇ ವಿಭಾಗದ ಫೆಬ್ರವರಿ ತಿಂಗಳ ಸುತ್ತೋಲೆ, ಕಲಂ 7 (ಅವಸರದಲ್ಲಿ ಹೊರಡಿಸಿದ್ದು).
2. ಉಪ ಮೇಲ್ವಿಚಾರಕರ ಸ್ಥಳ ತಪಾಸಣೆ (ನಡೆಯುತ್ತಿದೆ).

ನಮ್ಮ ಊರಿನಲ್ಲಿ ಅತಿಥಿಗೆ ಮೊದಲ ಬಟ್ಟಲು ಕಾಫಿ ಬರಮಾಡಿಕೊಳ್ಳಲು, ಎರಡನೆಯದು ಮಾತಿಗೆ, ಮೂರನೆಯದು ಇನ್ನು ಏಳಿ ಎನ್ನಲು ಎಂಬುದು ಸರ್ವರಿಗೂ ತಿಳಿದ ವಿಷಯ. ಈ ಎಬ್ಬಿಸುವ ಕಾಫಿ, ಅಂದರೆ ಸಿಕ್ತೆರೂಶಾ, ಬರುವ ಮೊದಲೇ ಏಳುವುದು ಮನೆಗೆ ಮಾಡಿದ ಅವಮಾನ. ಸಂಪ್ರದಾಯಕ್ಕೆ ಗೌರವ ಕೊಡುವ ಹುಮ್ಮಸ್ಸಿನಲ್ಲಿ ಉಲ್ಲೇಖ 1ರಲ್ಲಿ, ‘ಮೂರನೇ ಬಟ್ಟಲು ಕುಡಿದ ನಂತರವೇ ಭೇಟಿ ಮುಗಿಯಿತೆಂದು ಪರಿಗಣಿಸತಕ್ಕದ್ದು’ ಎಂದು ಆದೇಶಿಸಲಾಗಿತ್ತು. ಆಗ ಯಾರೂ ಮುಂದಾಲೋಚನೆ ಮಾಡಿರುವುದಿಲ್ಲ.

ಒಬ್ಬ ಫಲಾನುಭವಿಗೆ ವರ್ಷಕ್ಕೆ ಹನ್ನೆರಡು ಭೇಟಿ. ಎಪ್ಪತ್ತೊಂಬತ್ತು ವರ್ಷದ, ಎರಡೂ ಕಣ್ಣು ಮಂಜಾದ, ಸೊಂಟ ಹಿಡಿದುಕೊಂಡಿರುವ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿರುವ ಶ್ರೀಮತಿ ಶೆಮ್ಸಾ ಅವರ ಪಾಲಿನ ಹನ್ನೊಂದು ಭೇಟಿಗಳು ಜೂನ್ ಮೊದಲ ವಾರಕ್ಕೇ ಖರ್ಚಾಗಿದ್ದವು. ಹನ್ನೆರಡನೆಯದು ಮುಗಿದರೆ ಜನವರಿಯವರೆಗೆ ಅವರ ಬಾಗಿಲು ತಟ್ಟುವವರಿಲ್ಲ. ಆ ಭೇಟಿ ಜೂನ್ 10ರಂದು ಬೆಳಿಗ್ಗೆ ಹತ್ತಕ್ಕೆ ಆರಂಭವಾಯಿತು. ಎರಡನೇ ಬಟ್ಟಲು ಬಂದಿದೆ. ಮೂರನೆಯದು ಇಂದಿನವರೆಗೂ ಬಂದಿಲ್ಲ.

ಸ್ವಯಂಸೇವಕ ಶ್ರೀ ನೆದೆಲ್ಕೊ ಅವರು (ನಿವೃತ್ತ ಬಸ್ ಚಾಲಕರು) ತಮ್ಮ ಮನೆಗೆ ಹೋಗುವಾಗ ಟೋಪಿಯನ್ನು ಫಲಾನುಭವಿಯ ಗೋಡೆಯ ಮೊಳೆಯ ಮೇಲೆಯೇ ಬಿಟ್ಟು ಹೋಗುತ್ತಾರೆ. ಟೋಪಿ ಇದ್ದರೆ ಅತಿಥಿ ಎದ್ದಂತಲ್ಲ ಎಂಬುದು ಉಭಯ ಪಕ್ಷಗಳ ಒಮ್ಮತದ ವಾದ. ಹೀಗೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಔಷಧಿ, ಹಿಟ್ಟು ಹಿಡಿದು ಬಂದು ಅದೇ ಭೇಟಿಯನ್ನು ಮುಂದುವರಿಸುತ್ತಿದ್ದಾರೆ. ವಿಭಾಗವು ಚಾಪೆ ಕೆಳಗೆ ತೂರಿದರೆ ಫಲಾನುಭವಿಯು ರಂಗೋಲಿ ಕೆಳಗೆ ತೂರಿರುವುದು ಕಂಡುಬಂದಿದೆ. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ಮೂರನೇ ಬಟ್ಟಲನ್ನು ಅರವತ್ತು ನಿಮಿಷದೊಳಗೆ ಕೊಡತಕ್ಕದ್ದು. ಎರಡನೇ ಬಟ್ಟಲಿಗೇ ಮತ್ತೆ ಮತ್ತೆ ಸುರಿದು ‘ಇದು ಎರಡನೆಯದರ ಮುಂದುವರಿಕೆ’ ಎನ್ನುವುದನ್ನು ನಿಷೇಧಿಸಲಾಗಿದೆ.

2. ಟೋಪಿಯನ್ನು ಸ್ವಯಂಸೇವಕ ಎಂದು ಪರಿಗಣಿಸತಕ್ಕದ್ದಲ್ಲ. ಟೋಪಿಗೆ ಹಾಜರಾತಿ ಇರುವುದಿಲ್ಲ.

3. ಹಿಮ್ಮುಖ ಸೇವೆ ಶಿಕ್ಷಾರ್ಹ. ತಪಾಸಣೆಯ ವೇಳೆ ಶ್ರೀಮತಿ ಶೆಮ್ಸಾ ಅವರು ಬೆರಳಲ್ಲೇ ತಡವಿಕೊಂಡು ಸ್ವಯಂಸೇವಕರ ಕೋಟಿಗೆ ಗುಂಡಿ ಹೊಲಿಯುತ್ತಿದ್ದು, ಸ್ವಯಂಸೇವಕರು ಪ್ಲಮ್ ಹಣ್ಣಿನ ಜಾಮ್ ತಿನ್ನುತ್ತಿದ್ದರು. ಯಾರು ಯಾರಿಗೆ ನೆರವಾಗುತ್ತಿದ್ದಾರೆಂದು ಗುರುತಿಸಲು ಸ್ವಯಂಸೇವಕರು ಹಳದಿ ಬಿಲ್ಲೆ ಧರಿಸತಕ್ಕದ್ದು. (ಸ್ಥಳದಲ್ಲೇ ಕೊಟ್ಟ ಬಿಲ್ಲೆಯು ಫಲಾನುಭವಿಯ ಎದೆಯ ಮೇಲೆ ಪತ್ತೆಯಾಗಿದೆ. ಸ್ವಯಂಸೇವಕರಿಗೆ ಅದರ ಪಿನ್ನು ಚುಚ್ಚುತ್ತದಂತೆ.)

4. ಡಾಮಿನೋ ಆಟದಲ್ಲಿ ಕನಿಕರದಿಂದ ಸೋಲುವಂತಿಲ್ಲ. ಶ್ರೀ ನೆದೆಲ್ಕೊ ಅವರು ಸೋತ 214 ಆಟಗಳನ್ನು ಪರಿಶೀಲಿಸಲಾಗಿ, ಅಷ್ಟೂ ಪ್ರಾಮಾಣಿಕ ಸೋಲುಗಳೆಂದು ದೃಢಪಟ್ಟಿದೆ.

5. ಮೂರನೇ ಬಟ್ಟಲನ್ನು ತಮ್ಮ ಸಮಕ್ಷಮದಲ್ಲಿ ಸುರಿಸಿ ಕಡತ ಮುಚ್ಚುವ ಸಲುವಾಗಿ ಉಪ ಮೇಲ್ವಿಚಾರಕ ಜೆವಾದ್ ಸೊಫ್ತಿಚ್ (ಇನ್ನು ಮುಂದೆ ‘ಕೆಳಸಹಿದಾರರು’) ಈ ದಿನ ಎಪ್ಪತ್ತಾರು ಮೆಟ್ಟಿಲು ಹತ್ತಿರುತ್ತಾರೆ. ಏದುಸಿರು ತಹಬಂದಿಗೆ ಬಂದ ಮೇಲೆ, “ಅಜ್ಜಿ, ಆ ಒಂದು ಬಟ್ಟಲು ಕೊಟ್ಬಿಡಿ, ಫೈಲು ಮುಚ್ಚೋಣ” ಎಂದು ಕೋರಲಾಯಿತು. ಉತ್ತರಗಳನ್ನು ಇದ್ದದ್ದು ಇದ್ದಹಾಗೆ ದಾಖಲಿಸಲಾಗಿದೆ.

ಶ್ರೀಮತಿ ಶೆಮ್ಸಾ: “ಮೊದ್ಲು ಕೂತ್ಕೊ ಜೆವಾದ್. ನಿಮ್ಮಮ್ಮನೂ ಹಿಂಗೇ, ಬಂದ ತಕ್ಷಣ ಹೊರಡೋ ಮಾತು.”

ಶ್ರೀ ನೆದೆಲ್ಕೊ: “ಅವ್ರು ಕೊಟ್ರೂ ನಾನು ಕುಡಿಯಲ್ಲ ಸಾಹೇಬ್ರೆ. ಜನವರಿ ತನಕ ಮನೇಲಿ ಗೋಡೆ ನೋಡ್ಕೊಂಡು ಕೂರ್ಲಾ?”

ಶ್ರೀಮತಿ ಶೆಮ್ಸಾ: “ಸೋಲೋಕಾದ್ರೂ ಒಂದು ಜಾಗ ಬೇಕಲ್ಲ ಪಾಪ. ನೋಡಪ್ಪ, ಆ ಬಟ್ಟಲು ಕೊಟ್ಟು ಎಷ್ಟು ಜನನ್ನ ಕಳಿಸಿದೀನಿ ನಾನು. ಮೈದುನ ಆಸ್ಟ್ರಿಯಾಕ್ಕೆ ಹೋದ, ಎದುರು ಮನೆಯೋರು ಸ್ವೀಡನ್‌ಗೆ ಹೋದ್ರು. ಒಬ್ರೂ ವಾಪಸ್ ಬರ್ಲಿಲ್ಲ. ಇವನು ಮೆಟ್ಟಿಲು ಹತ್ತೋ ಸದ್ದು ಕೇಳಿದ್ರೆ ನಂಗೆ ಜೀವ ಬರುತ್ತೆ. ನಿಮ್ಮ ಕಾಗದಕ್ಕೋಸ್ಕರ ಇವನನ್ನ ಎಬ್ಬಿಸಲ್ಲ.”

ಈ ಹೇಳಿಕೆಗೆ ಅನ್ವಯವಾಗುವ ಕಲಂ ನಿಯಮಾವಳಿಯಲ್ಲಿ ಎಷ್ಟು ಹುಡುಕಿದರೂ ದೊರೆತಿಲ್ಲ. ಹುಡುಕುವಾಗ ಕೆಳಸಹಿದಾರರು ಕಾಫಿಯ ಜೊತೆ ಕೊಟ್ಟ ಮಿಠಾಯಿಯನ್ನು ಎರಡು ಸಲ ತೆಗೆದುಕೊಂಡಿರುವುದನ್ನು ನಮೂದಿಸಲಾಗಿದೆ.

6. ಮೇಲಿನ ಎಲ್ಲ ಕಲಂಗಳನ್ನು ಯಾವುದೇ ವಿನಾಯಿತಿ ಇಲ್ಲದೆ, ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಈ ಸುತ್ತೋಲೆಯು ಶ್ರೀಮತಿ ಶೆಮ್ಸಾ ಅವರು ಮೂರನೇ ಬಟ್ಟಲು ಸುರಿದ ಕ್ಷಣದಿಂದ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಈಗಿರುವ ವ್ಯವಸ್ಥೆಯೇ ಮುಂದುವರಿಯುವುದು.

7. ಕೆಳಸಹಿದಾರರಿಗೂ ಎರಡೇ ಬಟ್ಟಲು ಸಂದಿರುವುದರಿಂದ ತಪಾಸಣೆ ಮುಗಿದಿರುವುದಿಲ್ಲ. ಕಚೇರಿ ಕೆಲಸದ ನಿಮಿತ್ತ ತಾತ್ಕಾಲಿಕವಾಗಿ ತೆರಳಬೇಕಾಗಿದ್ದು, ಕೊಡೆಯನ್ನು ಮೊಳೆಗೆ ನೇತುಹಾಕಲಾಗಿದೆ. ತಪಾಸಣೆಯು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮುಂದುವರಿಯುವುದು.

ಸಹಿ/-
ಜೆವಾದ್ ಸೊಫ್ತಿಚ್
ಉಪ ಮೇಲ್ವಿಚಾರಕರು, ಮನೆಭೇಟಿ ವಿಭಾಗ
ಸ್ಥಳ: ಶ್ರೀಮತಿ ಶೆಮ್ಸಾ ಅವರ ಅಡುಗೆಮನೆ

ಪ್ರತಿಗಳು:
1. ಶ್ರೀಮತಿ ಶೆಮ್ಸಾ ಅವರಿಗೆ. (ಓದಿ ಹೇಳಲಾಗಿದೆ. ಕಲಂ 4ನ್ನು ಎರಡು ಸಲ ಓದಿಸಿಕೊಂಡಿರುತ್ತಾರೆ.)
2. ಶ್ರೀ ನೆದೆಲ್ಕೊ ಅವರಿಗೆ, ಕೊಡೆಯ ನೀರು ಬೀಳದಂತೆ ಟೋಪಿಯನ್ನು ಎಡಗಡೆಯ ಮೊಳೆಗೆ ಸರಿಸಿಕೊಳ್ಳುವಂತೆ ಕೋರಿ.
3. ಉಗ್ರಾಣಕ್ಕೆ, ಚುಚ್ಚದ ಪಿನ್ನಿನ ಹಳದಿ ಬಿಲ್ಲೆ ಎರಡನ್ನು ಕಳುಹಿಸಲು.
4. ವಿಭಾಗದ ಮುಖ್ಯಸ್ಥರಿಗೆ, ಮಾಹಿತಿಗಾಗಿ. ಈ ಬಗ್ಗೆ ಆಕ್ಷೇಪಣೆಯಿದ್ದಲ್ಲಿ ಖುದ್ದಾಗಿ ಬಂದು ಪರಿಶೀಲಿಸಬಹುದು. ಗೋಡೆಯಲ್ಲಿ ಇನ್ನೊಂದು ಮೊಳೆ ಖಾಲಿ ಇರುತ್ತದೆ.