ಕಲ್ಲಿಲ್ಲದ ಅಕ್ಕಿಯ ವಿಷಯವಾಗಿ ಕ್ಷೇಮಾಧಿಕಾರಿಗಳ ಸನ್ನಿಧಿಗೆ

ಅಬ್ಬಾಸಿಯಾ, ಕುವೈತ್
ಜೂನ್ ೧೯೯೧

ನಮ್ಮ ಕಂಪನಿಯ ಸಿಬ್ಬಂದಿ ಕ್ಷೇಮಾಧಿಕಾರಿಗಳೂ ಮನಶ್ಶಾಂತಿಯ ಏಕೈಕ ವಿತರಕರೂ ಆದ ಮಾನ್ಯರೇ,

ಭಗವಂತನ ದಯೆಯಿಂದ ತಾವು ಕ್ಷೇಮವೆಂದು ನಂಬಿ, ಕಂಪನಿಯ ವಸತಿ ಕಟ್ಟಡದ ಮೂರನೆಯ ಮಹಡಿಯ ನಿವಾಸಿಯಾದ ನಾನು ಸಾಷ್ಟಾಂಗ ವಂದನೆಗಳೊಂದಿಗೆ ಬಿನ್ನವಿಸಿಕೊಳ್ಳುವುದೇನೆಂದರೆ: ಕಳೆದ ಆಗಸ್ಟಿನಲ್ಲಿ ಇರಾಕಿನ ಸೈನ್ಯವು ಇಲ್ಲಿಗೆ ಬಂದಾಗ ತಾವು ದೈವಯೋಗದಿಂದ ಲಂಡನ್ನಿನಲ್ಲಿ ರಜೆಯಲ್ಲಿದ್ದು, ಆ ರಜೆಯನ್ನು ಯುದ್ಧ ಮುಗಿಯುವವರೆಗೂ ಧೈರ್ಯದಿಂದ ಅನುಭವಿಸಿ, ಈಗ ಮರಳಿ ಬಂದು, ಇಲ್ಲಿಯೇ ಉಳಿದಿದ್ದ ನಮಗೆ ಶಾಂತವಾಗಿರುವುದು ಹೇಗೆಂದು ಬೋಧಿಸುತ್ತಿರುವುದು ನಮ್ಮ ಪೂರ್ವಜನ್ಮದ ಸುಕೃತವೇ ಸರಿ.

ಪ್ರತಿಯೊಬ್ಬನೂ ತನಗೊಪ್ಪುವ ಶಾಂತಿದಾಯಕ ಹವ್ಯಾಸವೊಂದನ್ನು ಏಕಾಂತದಲ್ಲಿ ರೂಢಿಸಿಕೊಳ್ಳಬೇಕೆಂಬ ತಮ್ಮ ಸುತ್ತೋಲೆಯನ್ನು ಭಕ್ತಿಯಿಂದ ಪಾರಾಯಣ ಮಾಡಿದ್ದೇವೆ. ದೀರ್ಘವಾಗಿ ಉಸಿರೆಳೆದುಕೊಳ್ಳಿರೆಂದಿರಿ, ಎಳೆದುಕೊಂಡೆವು. ಎಣ್ಣೆಬಾವಿಗಳು ಉರಿದು ಮಧ್ಯಾಹ್ನವೇ ದೀಪ ಹಚ್ಚಬೇಕಾದ ಈ ದಿನಗಳಲ್ಲಿ, ದೇಶದ ಸಂಪತ್ತಿನ ಒಂದಂಶ ಹೀಗಾದರೂ ನಮ್ಮಂಥವರ ಎದೆಗೆ ಸಂದಿತು. ಕಡಲತೀರದಲ್ಲಿ ಪ್ರತಿ ಹೆಜ್ಜೆಯ ಮೇಲೂ ಮನಸ್ಸಿಟ್ಟು ನಡೆಯಿರೆಂದಿರಿ; ಸೈನಿಕರು ಮರಳಿನಲ್ಲಿ ಹೂತಿಟ್ಟುಹೋದ ಸಿಡಿಮದ್ದುಗಳು ಅದೇ ಪಾಠವನ್ನು ತಮಗಿಂತ ಸಮರ್ಥವಾಗಿ ಬೋಧಿಸುತ್ತಿವೆ.

ಆದರೆ ಮಾನ್ಯರೇ, ನಮಗೆ ಮೊದಲೇ ಒಂದು ಹವ್ಯಾಸವಿತ್ತು. ಆಕ್ರಮಣದ ತಿಂಗಳುಗಳಲ್ಲಿ ಸಿಕ್ಕುತ್ತಿದ್ದ ಕಲ್ಲಿನಲ್ಲಿ ಸ್ವಲ್ಪ ಅಕ್ಕಿಯೂ ಇರುತ್ತಿತ್ತು. ಸಂಜೆಯಾದೊಡನೆ ಮಹಡಿಯ ಪಡಸಾಲೆಯಲ್ಲಿ ಚಾಪೆ ಹಾಸಿ, ದಾದಿ ಬ್ರಿಜಿಟ್ ಬಾಯಿ, ಎದುರುಮನೆಯ ಆಸಿಯಮ್ಮ ಮತ್ತು ನಾನು ಒಂದೇ ಹರಿವಾಣದ ಸುತ್ತ ಕುಳಿತು ಆರಿಸುತ್ತಿದ್ದೆವು. ಜಪಮಾಲೆ ಹಿಡಿದಾಗ ಊರೆಲ್ಲ ಸುತ್ತುವ ನನ್ನ ಚಿತ್ತವು ಆ ಹರಿವಾಣದಲ್ಲಿ ನೆಟ್ಟಗೆ ನಿಲ್ಲುತ್ತಿತ್ತೆಂಬುದನ್ನು ದೇವರೆದುರೂ ಒಪ್ಪಿಕೊಂಡೇನು. “ಅಜ್ಜರೇ, ನಿಮ್ಮ ಕನ್ನಡಕಕ್ಕೆ ಕಲ್ಲೂ ಒಂದೇ, ಅಕ್ಕಿಯೂ ಒಂದೇ, ಯಲ್ಲಾ, ಬೇಗ ಬೇಗ, ಸ್ವಲ್ಪ ಆಚೆ ಸರೀರಿ ಮಾರಾಯ್ರೆ” ಎಂದು ಬ್ರಿಜಿಟ್ ಬಾಯಿ ದಿನವೂ ನನ್ನನ್ನು ಪಾವನಗೊಳಿಸುತ್ತಿದ್ದರು.

ಆಸಿಯಮ್ಮನವರ ಪತಿ ಪುತ್ತಬ್ಬರನ್ನು ರೊಟ್ಟಿಯಂಗಡಿಯ ಸಾಲಿನಿಂದ ಸೈನಿಕರು ಕರೆದೊಯ್ದರು; ಅವರು ಇನ್ನೂ ಮರಳಿಲ್ಲ. ತಾವು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ ಕಡಲಲೆಯ ಕ್ಯಾಸೆಟ್ ಕೇಳಿಸಿದಾಗ ತುಟಿ ಬಿಚ್ಚದ ಆ ತಾಯಿ, ತಲೆ ತಗ್ಗಿಸಿ ಅಕ್ಕಿಯಲ್ಲಿ ಬೆರಳಾಡಿಸುವಾಗ ಮಾತ್ರ ಮಾತಾಡುತ್ತಿದ್ದರು: “ಅವರಿಗೆ ಹಲ್ಲಿಗೆ ಒಂದು ಕಲ್ಲು ಸಿಕ್ಕಿದ್ರೆ ಇಡೀ ಬಿಲ್ಡಿಂಗಿಗೆ ಕೇಳ್ಬೇಕು! ಬರ್ಲಿ ಒಮ್ಮೆ, ಎಷ್ಟು ಬೇಕಾದ್ರೂ ಬೈಲಿ.”

ಈಗ ಕಂಪನಿಯು ಮುತ್ತಿನಂಥ ಅಕ್ಕಿ ಕೊಡುತ್ತಿದೆ. ಕಲ್ಲೇ ಇಲ್ಲದ ಮೇಲೆ ಕೂಟವೇಕೆಂದು ತರ್ಕಿಸಿ, ತಾವು ಚಾಪೆಯನ್ನು ಎತ್ತಿಸಿ, ಪಡಸಾಲೆಯಲ್ಲಿ ಕುಳಿತುಕೊಳ್ಳಬಾರದೆಂಬ ಫಲಕ ತೂಗಿಸಿದಿರಿ. ಅಂದಿನಿಂದ ಆಸಿಯಮ್ಮನವರ ಬಾಗಿಲು ತೆರೆದಿಲ್ಲ, ಮಾತೂ ಕೇಳಿಲ್ಲ. ಏಕಾಂತವೆಂದರೆ ಹೀಗಿರಬೇಕು, ತಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದವರು ಅವರೊಬ್ಬರೇ.

ಆದಕಾರಣ, ಕಂಪನಿಯ ಅಕ್ಕಿಗೆ ಮೊದಲಿನ ಪ್ರಮಾಣದಲ್ಲಿ, ಸಾಧ್ಯವಾದರೆ ಅಕ್ಕಿಯದೇ ಬಣ್ಣದ ಕಲ್ಲನ್ನು ಬೆರೆಸಲು ತಾವು ಕೃಪೆಯಿಟ್ಟು ಮಂಜೂರಾತಿ ನೀಡಬೇಕು. ಅದಾಗದಿದ್ದರೆ ಬ್ರಿಜಿಟ್ ಬಾಯಿಯವರ ಬೈಗುಳವನ್ನು ಕ್ಯಾಸೆಟ್ಟಿಗೆ ತುಂಬಿಸಿ, ನಾವು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಕೇಳಿ ಆನಂದಿಸುವಂತೆ ಹಂಚಬೇಕು. ಇವೆರಡೂ ತಮ್ಮ ಘನತೆಗೆ ಮೀರಿದವೆಂದಾದರೆ, ನಮ್ಮ ಹರಕು ಚಾಪೆಯನ್ನಾದರೂ ಹಿಂದಿರುಗಿಸಬೇಕು.

ತಮ್ಮ ಶಾಂತಿಯ ಭಾರದಡಿಯಲ್ಲಿ ಹೇಗೋ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ರೋಹಿದಾಸ

ವಿ.ಸೂ.: ಈ ಪತ್ರದೊಂದಿಗೆ ಕಂಪನಿಯದೇ ಅಕ್ಕಿಯ ಚೀಲವೊಂದನ್ನು ತಮ್ಮ ಮನೆಗೆ ಕಾಣಿಕೆಯಾಗಿ ಕಳುಹಿಸಿದ್ದೇವೆ. ಮೇಲಿನದನ್ನು ಬರೆದು ಮುಗಿಸಿದ ಮೇಲೆ, ಈ ಕಾಣಿಕೆಯ ವಿಷಯ ಕಿವಿಗೆ ಬಿದ್ದೊಡನೆ ಆಸಿಯಮ್ಮನವರು ನಿನ್ನೆ ಬಾಗಿಲು ತೆರೆದು ಹೊರಬಂದು, “ಆ ಸಾಹೇಬ್ರೂ ಸ್ವಲ್ಪ ಶಾಂತ ಆಗ್ಲಿ” ಎಂದು, ಪಕ್ಕದ ಕಟ್ಟಡದ ಜಲ್ಲಿರಾಶಿಯಿಂದ ಆಯ್ದ ಸಣ್ಣ ಕಲ್ಲುಗಳನ್ನು ಸ್ವತಃ ಕೈಯಾರೆ ಬೆರೆಸಿದ್ದಾರೆ. ಅದನ್ನು ಏಕಾಂತದಲ್ಲಿ ಆರಿಸಿಕೊಳ್ಳಬಹುದು. ಹಲ್ಲುಗಳ ಮೇಲೆ ಮೋಹವಿದ್ದರೆ ಸಂಜೆ ಚಾಪೆಯೊಂದಿಗೆ ಮೂರನೆಯ ಮಹಡಿಗೆ ದಯಮಾಡಿಸಬೇಕು. ಪುತ್ತಬ್ಬರಿಗೆಂದು ಕಾದಿರಿಸಿದ ಜಾಗವನ್ನು ಬಿಟ್ಟು, ಹರಿವಾಣದ ಸುತ್ತ ಇನ್ನೊಬ್ಬರಿಗೆ ಸ್ಥಳವಿದೆ.